ಸ್ವಇಚ್ಛೆಯಿಂದ

ಬಸ್ಸು ಅಂತರಸಂತೆ ದಾಟಿ ತಾಲ್ಲೂಕು ಪಟ್ಟಣ ಕೋಟೆಯ ದಾರಿ ಹಿಡಿದ ಮೇಲೂ ಕೆಂಪಾಜಮ್ಮ ಒಮ್ಮೆಯೂ ತಿರುಗಿ ನೋಡಲಿಲ್ಲ. ಹಿಂದಿನ ಸೀಟಿನಲ್ಲಿ ಕೂತಿದ್ದ ಚಾಮಯ್ಯನಿಗೆ ಅವಳ ಬಿಗಿಯಾದ ತುರುಬು, ಕತ್ತಿನ ಬೆವರಿಗೆ ಅಂಟಿಕೊಂಡಿದ್ದ ನಾಲ್ಕೈದು ನರೆಗೂದಲು, ಭುಜದ ಮೇಲೆ ಇಸ್ತ್ರಿಯ ಮಡಿಕೆ ಇನ್ನೂ ಕೆಡದ ನೀಲಿ ಸೀರೆಯ ಸೆರಗು, ಇಷ್ಟೇ ಕಾಣುತ್ತಿತ್ತು. ಪಂಚಾಯ್ತಿ ಮೀಟಿಂಗಿಗೆ ಉಡುತ್ತಿದ್ದ ಸೀರೆ ಅದು. ಇವತ್ತು ಯಾಕೆ ಅದನ್ನೇ ಉಟ್ಟು ಬಂದಳು ಎಂದು ಅವನಿಗೆ ಸಣ್ಣಗೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು. ಅವಳು ತಮ್ಮನ ಹೆಂಡತಿ. ತಮ್ಮ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಹದಿನೈದು ತಿಂಗಳಿಂದ ಅವಳು ಗ್ರಾಮ ಪಂಚಾಯ್ತಿಯ ಅಧ್ಯಕ್ಷೆ. ಇವತ್ತು ಹುಣಸೂರಿನ ಎಸಿ ಆಫೀಸಿಗೆ ಹೋಗಿ ರಾಜೀನಾಮೆ ಕೊಡಬೇಕು. ಕರೆದುಕೊಂಡು ಹೋಗುತ್ತಿರುವವನು ಭಾವನೂ ಕೇರಿಯ ಯಜಮಾನನೂ ಆದ ತಾನು. ಕಾಗದ ಅವನ ಅಂಗಿಯ ಜೇಬಿನಲ್ಲಿತ್ತು. ಬೆವರಿಗೆ ನೆನೆದೀತೆಂದು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ಎದೆನೋವಿನವನೇನೋ ಎಂಬಂತೆ ಪಕ್ಕದವನು ನೋಡಿದಾಗ ಕೈ ಕೆಳಗಿಳಿಸುತ್ತಿದ್ದ.

ಕಂಡಕ್ಟರು ಅವಳ ಗುರುತಿನವನು. ಟಿಕೇಟು ಹರಿದು ಕೊಡುತ್ತ, "ಏನ್ ಅಧ್ಯಕ್ಷರೇ, ಕೋಟೇಲಿ ಮೀಟಿಂಗಾ?" ಎಂದ.

"ಊಂ ಕಣಪ್ಪ," ಎಂದಳು.

ಅವಳು ಸುಳ್ಳು ಹೇಳಿದ್ದನ್ನು ಚಾಮಯ್ಯ ಕೇಳಿದ್ದು ಅದೇ ಮೊದಲು. ಹೊರಗೆ ಹೊಗೆಸೊಪ್ಪು ಬೇಯಿಸುವ ಮನೆಗಳು, ಅದರಾಚೆ ಉತ್ತು ಬಿಟ್ಟ ಕೆಂಪು ನೆಲ, ಮಳೆ ಬೀಳದ ಚೈತ್ರದ ಬಿಸಿಲು. ಆ ನೆಲವನ್ನೇ ನೋಡುತ್ತ ಕೂತ.

ಅವರ ಊರು ಬಿದರುಮಾಳದಲ್ಲಿ ಐದು ಕೋಮು, ಕೋಮಿಗೊಬ್ಬ ಯಜಮಾನ. ಬಸವನಗುಡಿಯ ಮುಂದಿನ ಕಟ್ಟೆಯಲ್ಲಿ ಐವರೂ ಸೇರಿದರೆ ಅದೇ ನ್ಯಾಯ. ಗಂಡ ಹೆಂಡಿರ ಜಗಳ, ಬದುವಿನ ತಕರಾರು, ಹಬ್ಬ ಯಾವ ದಿನ, ಯಾರ ಮನೆಯ ಮದುವೆಗೆ ಯಾರು ಹೋಗಕೂಡದು, ಕೊನೆಗೆ ಪಂಚಾಯ್ತಿ ಎಲೆಕ್ಷನ್ನಿಗೆ ಯಾರು ನಿಲ್ಲಬೇಕು ಯಾರು ವಾಪಸು ತೆಗೆಯಬೇಕು, ಎಲ್ಲ ಅಲ್ಲೇ. ಸರ್ಕಾರದ ಪಂಚಾಯ್ತಿ ಆಫೀಸು ರಸ್ತೆಯ ಆಚೆಗಿತ್ತು; ನಡುವೆ ನೂರು ಹೆಜ್ಜೆ. ಕಟ್ಟೆಯಲ್ಲಿ ಆಡಿದ ಮಾತು ಆ ನೂರು ಹೆಜ್ಜೆ ನಡೆದುಹೋಗಿ ಅಲ್ಲಿ ಠರಾವಾಗುತ್ತಿತ್ತು. ಚಾಮಯ್ಯನ ಅಪ್ಪ ಕೇರಿಯ ಯಜಮಾನನಾಗಿದ್ದಾಗ ಕಟ್ಟೆಯ ಕೆಳಗೆ ನಿಂತು ಮಾತು ಕೇಳುತ್ತಿದ್ದ. ಅಪ್ಪ ಹೋದ ಮೇಲೆ ಚಾಮಯ್ಯನೂ ನಿಂತ. ಕೆಲವು ವರ್ಷಗಳಿಂದೀಚೆಗೆ ಕಟ್ಟೆಯ ಮೆಟ್ಟಿಲ ಮೇಲೆ ಕೂರುತ್ತಿದ್ದ, ಯಾರೂ ಬೇಡ ಅನ್ನಲಿಲ್ಲ. ಅಧ್ಯಕ್ಷ ಸ್ಥಾನ ಈ ಸಲ ಪರಿಶಿಷ್ಟ ಜಾತಿಯ ಮಹಿಳೆಗೆ ಎಂದು ಗೆಜೆಟ್ಟಿನಲ್ಲಿ ಬಂದ ವಾರ ಕಟ್ಟೆಯ ಹಿರಿಯ ಯಜಮಾನ ಕಂಠಪ್ಪನವರು ಹೇಳಿಕಳಿಸಿದ್ದರು. ಹೋದಾಗ ಉಳಿದ ನಾಲ್ವರ ಪಕ್ಕದಲ್ಲಿ ಐದನೆಯ ಕುರ್ಚಿ ಹಾಕಿತ್ತು, ಕೆಂಪು ಬಣ್ಣದ ಪ್ಲಾಸ್ಟಿಕ್ ಕುರ್ಚಿ. "ಕುಂತ್ಕೊಳಯ್ಯ ಚಾಮಯ್ಯ, ಇನ್ನೂ ಯಾವ ಕಾಲ್ದಲ್ಲಿದ್ದೀಯ," ಎಂದರು ಕಂಠಪ್ಪ. ಕುರ್ಚಿಯ ಒಂದು ಕಾಲು ಕುಂಟುತ್ತಿತ್ತು. ಅದು ಅಲುಗದ ಹಾಗೆ ತೊಡೆ ಬಿಗಿಹಿಡಿದು ಕೂತವನಿಗೆ ಅವರು ಆಡುತ್ತಿದ್ದ ಮಾತೆಲ್ಲ ದೂರದಿಂದ ಬರುತ್ತಿರುವಂತೆ ಕೇಳಿಸಿತು. ಮೂವತ್ತು ತಿಂಗಳ ಅವಧಿಯಲ್ಲಿ ಹದಿನೈದು ತಿಂಗಳು ಕೆಂಪಾಜಮ್ಮ, ಆಮೇಲೆ ಪಕ್ಕದೂರಿನ ಮೆಂಬರು ಭಾಗ್ಯಮ್ಮ. ಭಾಗ್ಯಮ್ಮ ಕಂಠಪ್ಪನವರ ತೋಟದಲ್ಲಿ ಕೆಲಸಕ್ಕಿದ್ದವಳು. "ಎಲ್ರೂ ಒಪ್ಪಿದ್ದೀವಿ. ನಿನ್ ಮಾತೊಂದು ಬಾಕಿ." ಮಾದಪ್ಪನ ಹೆಸರಿನಲ್ಲಿ ಮಾತು ಕೊಟ್ಟ. ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಅವನಿಗೆ ಅಪ್ಪ ನೆನಪಾಗಿದ್ದ. ಅಪ್ಪ ಇದನ್ನು ನೋಡಬೇಕಿತ್ತು ಅನ್ನಿಸಿತ್ತು. ಕೆಂಪಾಜಮ್ಮನನ್ನು ಕೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಕಟ್ಟೆಗೆ ಹೆಂಗಸರನ್ನು ಕರೆಯುವ ಪದ್ಧತಿ ಇರಲಿಲ್ಲ. ನೀನು ಅಧ್ಯಕ್ಷೆಯಾಗುತ್ತೀಯ ಎಂದಷ್ಟೇ ಹೇಳಿದ್ದ. ಉಳಿದ ಅರ್ಧವನ್ನು ಹೇಳಿದ್ದು ಮೊನ್ನೆ, ಹದಿನೈದನೆಯ ತಿಂಗಳು ಮುಗಿಯುತ್ತಿದ್ದಾಗ.

ಅಷ್ಟರಲ್ಲಿ ಅವಳು ಬೇರೆಯೇ ಆಗಿದ್ದಳು. ಮೊದಮೊದಲು ಸಹಿ ಹಾಕುವಾಗ ಬೆವರುತ್ತಿದ್ದವಳು, ಓದಿ ಹೇಳದೆ ಸಹಿ ಹಾಕುವುದಿಲ್ಲ ಎಂದು ಪಿಡಿಒಗೆ ಹೇಳತೊಡಗಿದಳು. ಏಳನೇ ಕ್ಲಾಸಿಗೆ ಬಿಟ್ಟ ಓದನ್ನು ಮಗಳು ಸಂಘಮಿತ್ರಳ ಪಕ್ಕ ಕೂತು ಮತ್ತೆ ಹಿಡಿದಳು. ಸಂಘಮಿತ್ರ ಕೋಟೆಯ ಕಾಲೇಜಿನಲ್ಲಿ ಕೊನೆಯ ವರ್ಷದ ಬಿಎ. ಮೀಟಿಂಗಿನಲ್ಲಿ ಕೆಂಪಾಜಮ್ಮ "ಕಂಠಪ್ಪನವ್ರೇ, ಸ್ವಲ್ಪ ತಡೀರಿ" ಎಂದಳೆಂದು ಊರೆಲ್ಲ ಸುದ್ದಿಯಾಯಿತು. ಅದನ್ನು ಕೇಳಿದಾಗ ಚಾಮಯ್ಯನಿಗೆ ಹೆಮ್ಮೆಯೋ ಹೆದರಿಕೆಯೋ ತಿಳಿಯದ ಒಂದು ಬಿಸಿ ಕಿವಿಗೇರಿತ್ತು. ಅವನ ಬಾಯಲ್ಲಿ ಅವರನ್ನು ಕಂಡರೆ ಇಂದಿಗೂ "ಬುದ್ಧೀ" ಎಂದೇ ಬರುತ್ತಿತ್ತು. ಬೇಡವೆಂದುಕೊಂಡು ಹೋದ ದಿನವೂ ಬರುತ್ತಿತ್ತು. ಆಮೇಲೆ ಅವಳು ಕೈ ಹಾಕಿದ್ದು ಸ್ಮಶಾನಕ್ಕೆ. ಕಬಿನಿಗೆ ಅಣೆಕಟ್ಟೆ ಕಟ್ಟಿದಾಗ ಹಳೇ ಊರಿನ ಜೊತೆ ಕೇರಿಯ ಸ್ಮಶಾನವೂ ನೀರಿನಡಿಗೆ ಹೋಗಿತ್ತು. ಊರಿನವರಿಗೆ ಬದಲಿ ಜಾಗ ಸಿಕ್ಕಿತು, ಕೇರಿಗೆ ಸಿಗಲಿಲ್ಲ. ಹಿನ್ನೀರಿನ ಅಂಚಿನಲ್ಲಿ ಹೂಳುತ್ತ ಬಂದರು. ಮಳೆಗಾಲದಲ್ಲಿ ನೀರು ಮೇಲೆ ಬಂದು ಗುಡ್ಡೆಗಳನ್ನು ನುಂಗುತ್ತಿತ್ತು, ಬೇಸಿಗೆಯಲ್ಲಿ ಹಿಂದೆ ಸರಿದಾಗ ಯಾರದು ಯಾವುದೆಂದು ಗುರುತು ಸಿಗುತ್ತಿರಲಿಲ್ಲ. ಚಾಮಯ್ಯನ ಹೆಂಡತಿ ಅಲ್ಲಿದ್ದಳು, ತಮ್ಮ ಅಲ್ಲಿದ್ದ. ಊರಾಚೆ ಒಂದೂವರೆ ಎಕರೆ ಗೋಮಾಳ ಇತ್ತು. ಕಂಠಪ್ಪನವರ ಅಣ್ಣನ ಮಗ ವಿರೂಪಾಕ್ಷ ಅದನ್ನು ಉತ್ತು ಶುಂಠಿ ಹಾಕಿದ್ದ. ಅದನ್ನು ಅಳೆದು ಕೇರಿಯ ಸ್ಮಶಾನಕ್ಕೆ ಬಿಡಿಸಿಕೊಡಬೇಕೆಂದು ಅವಳು ಠರಾವು ಮಾಡಿಸಿದಳು, ತಾಲ್ಲೂಕು ಕಚೇರಿಗೆ ಏಳೆಂಟು ಸಲ ಅಲೆದಳು. ಸರ್ವೆಗೆ ದಿನ ಗೊತ್ತಾಗಿತ್ತು, ಬರುವ ತಿಂಗಳ ಹನ್ನೆರಡು. ಕಂಠಪ್ಪನವರು ಚಾಮಯ್ಯನಿಗೆ ಮಾತು ನೆನಪಿಸಿದ್ದು ಆ ನೋಟೀಸು ಬಂದ ಮಾರನೆಯ ದಿನ.

ಕೋಟೆಯಲ್ಲಿ ಇಳಿದು ಹುಣಸೂರಿನ ಬಸ್ಸಿಗೆ ಕಾಯುವಾಗ ಅವಳು ಕೈ ಚಾಚಿದಳು. "ಅದ ಕೊಡಿ ಭಾವ, ಒಂದ್ಸಲ ಓದ್ತೀನಿ."

ಕಾಗದವನ್ನು ಕಂಠಪ್ಪನವರು ಟೈಪು ಮಾಡಿಸಿ ಕಳಿಸಿದ್ದರು. ಬರೆದುಕೊಡು ಎಂದಾಗ ಸಂಘಮಿತ್ರ ಪೆನ್ನನ್ನು ಸೂರಿನ ಮೇಲೆ ಎಸೆದು ಹೊರಗೆ ಹೋಗಿದ್ದಳು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಕೆಂಪಾಜಮ್ಮ ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ತುಟಿ ಅಲುಗುತ್ತಿತ್ತು. ಸುತ್ತ ಜನ, ಕಡ್ಲೆಕಾಯಿ ಮಾರುವವರು, ಕೇರಳದ ಕಡೆಗೆ ಹೋಗುವ ಬಸ್ಸಿನವನ ಕೂಗು. ಅವಳ ಬೆರಳು ಒಂದು ಕಡೆ ನಿಂತಿತು.

"ಸ್ವ… ಇಚ್ಛೆಯಿಂದ. ಅಂಗಂದ್ರೆ?"

"ಸ್ವಂತ ಇಷ್ಟದಿಂದ ಅಂತ ಕಣವ್ವ. ಎಲ್ರೂ ಅಂಗೇ ಬರ್ಯೋದು."

ಅವಳು ತಲೆಯಾಡಿಸಿದಳು. ಕಾಗದ ಮಡಿಸಿ ತನ್ನ ಬ್ಯಾಗಿನಲ್ಲಿ ಇಟ್ಟುಕೊಂಡಳು, ಅವನಿಗೆ ವಾಪಸು ಕೊಡಲಿಲ್ಲ. ಜೇಬು ಹಗುರಾದದ್ದು ಅವನಿಗೆ ಸಮಾಧಾನ ಕೊಡಬೇಕಿತ್ತು.

ಹುಣಸೂರು ತಲುಪಿದಾಗ ಹನ್ನೆರಡಾಗಿತ್ತು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಮೊಗಸಾಲೆಯ ಬೆಂಚಿನ ಮೇಲೆ ಕಾದರು. ಪಿರಿಯಾಪಟ್ಟಣ, ಕೆ.ಆರ್. ನಗರದಿಂದ ಬಂದ ಜನರೂ ಅಲ್ಲಿದ್ದರು. ಜಮೀನಿನ ಕಾಗದ ಎದೆಗೆ ಅವಚಿಕೊಂಡವರು, ವಕೀಲರನ್ನು ಕಾಯುವವರು. ಗುಮಾಸ್ತರೊಬ್ಬರು ಬಂದು ಚಾಮಯ್ಯನನ್ನೇ ನೋಡಿ, "ಯಾರು ರಾಜೀನಾಮೆ? ನೀವಾ?" ಎಂದರು. "ನಾನಲ್ಲ ಸ್ವಾಮಿ, ಇವಳು," ಎಂದ. ಅನ್ನುವಾಗಲೇ ಸಾರ್ವಜನಿಕ ಜಾಗದಲ್ಲಿ, ಸರ್ಕಾರದ ಮನುಷ್ಯನ ಮುಂದೆ 'ಇವಳು' ಎಂದೆನಲ್ಲ ಅನ್ನಿಸಿತು. ಕೋಟೆಯ ತಾಲ್ಲೂಕು ಕಚೇರಿಯಲ್ಲಿ ಅವಳು ಹೋದರೆ "ಬನ್ನಿ ಮೇಡಂ" ಎನ್ನುತ್ತಿದ್ದರೆಂದು ಸಂಘಮಿತ್ರ ಹೇಳಿದ್ದಳು. ಗುಮಾಸ್ತರು ಈಗ ಅವಳ ಕಡೆ ತಿರುಗಿ, "ಕೂತಿರಿ, ಕರೀತೀನಿ" ಎಂದು ಹೋದರು. ಅವಳು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಮೊದಲು ಅವನಿಗೆ ಕೊಟ್ಟಳು. ಅವನು ಕುಡಿದ. ಆಮೇಲೆ ಅವಳು ಕುಡಿದಳು. ಅಷ್ಟು ಹೊತ್ತು ಅವರ ನಡುವೆ ನಡೆದದ್ದು ಅಷ್ಟೇ.

ಒಳಗೆ ಸಾಹೇಬರು ಚಿಕ್ಕ ವಯಸ್ಸಿನವರು. ಕಾಗದವನ್ನು ಎರಡು ಸಲ ಓದಿ ಪಕ್ಕಕ್ಕಿಟ್ಟು, ಕನ್ನಡಕ ತೆಗೆದು ಅವಳನ್ನೇ ನೋಡಿದರು. ಕುರ್ಚಿ ತೋರಿಸಿದರು. ಅವಳು ಕೂತಳು. ಚಾಮಯ್ಯ ಬಾಗಿಲ ಹತ್ತಿರ ನಿಂತ.

"ಕೆಂಪಾಜಮ್ಮನವರೇ, ನಿಮ್ಮ ಪಂಚಾಯ್ತಿಯಿಂದ ಸ್ಮಶಾನದ ಫೈಲು ಬಂದಿತ್ತಲ್ಲ, ನೀವೇನಾ ಅದನ್ನ ಹಿಂದೆ ಬಿದ್ದು ಮಾಡಿಸಿದ್ದು?"

"ಊಂ ಸಾರ್."

"ಮತ್ತೆ ಈಗ ಯಾಕೆ ರಾಜೀನಾಮೆ? ಯಾರಾದ್ರೂ ಒತ್ತಾಯ ಮಾಡಿದಾರಾ? ನಿಮ್ಮ ಸ್ವಂತ ಇಷ್ಟದಿಂದ ಕೊಡ್ತಿದೀರಾ? ನಿಮ್ಮ ಬಾಯಿಂದ ಹೇಳಿ."

ಫ್ಯಾನು ತಿರುಗುತ್ತಿತ್ತು. ಮೇಜಿನ ಮೇಲಿನ ಕಾಗದಗಳ ಅಂಚು ಏಳುತ್ತ ಬೀಳುತ್ತ ಇತ್ತು. ಕೆಂಪಾಜಮ್ಮ ನಿಧಾನವಾಗಿ ಕುರ್ಚಿಯಲ್ಲೇ ತಿರುಗಿ ಚಾಮಯ್ಯನ ಮುಖ ನೋಡಿದಳು. ಆ ನೋಟದಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನು ಆಮೇಲೆ ಅಷ್ಟು ದಿನ ಅದನ್ನು ಹೊತ್ತು ತಿರುಗಬೇಕಾಗಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ, ಸಂತೆಯಲ್ಲಿ ತಮ್ಮ ಕಳೆದುಹೋಗಿ ಅವಳೊಬ್ಬಳೇ ಉಳಿದಾಗ, ದೂರದಿಂದ ಭಾವನನ್ನು ಕಂಡು ಹೀಗೆಯೇ ನೋಡಿದ್ದಳು. ಅವಳು ನೋಡುತ್ತಿದ್ದಾಳೆ, ಸಾಹೇಬರು ನೋಡುತ್ತಿದ್ದಾರೆ, ಗುಮಾಸ್ತರು ನೋಡುತ್ತಿದ್ದಾರೆ. ಅವನಿಗೆ ಮಾದಪ್ಪನ ಹೆಸರು ಹೇಳಿ ಕೊಟ್ಟ ಮಾತು ನೆನಪಾಯಿತೇ, ಕಂಠಪ್ಪನವರ ಮುಖ ನೆನಪಾಯಿತೇ, ಎಷ್ಟು ಕೆದಕಿದರೂ ಆಮೇಲೆ ಗೊತ್ತಾಗಲಿಲ್ಲ. ಸುಮ್ಮನೆ ಆ ಮೌನ ತಡೆಯಲಾಗಲಿಲ್ಲ, ಅಷ್ಟೇ.

"ಊಂ ಬುದ್ಧೀ, ಅವಳ ಸ್ವಂತ ಇಷ್ಟ. ಮನೇಲಿ ಅತ್ತೆಗೆ ಉಸಾರಿಲ್ಲ, ನೋಡ್ಕಳೋರಿಲ್ಲ," ಎಂದ.

"ನಾನು ಅವರನ್ನ ಕೇಳಿದ್ದು," ಎಂದರು ಸಾಹೇಬರು.

ಕೆಂಪಾಜಮ್ಮ ಮುಂದಕ್ಕೆ ತಿರುಗಿದಳು. "ಭಾವ ಯೋಳುದ್ರಲ್ಲ ಸಾರ್," ಎಂದಳು.

ಸಾಹೇಬರು ಸ್ವಲ್ಪ ಹೊತ್ತು ಪೆನ್ನನ್ನು ಕೈಯಲ್ಲೇ ಹಿಡಿದಿದ್ದರು. ಆಮೇಲೆ, ಈ ಕಾಗದ ಇವತ್ತಿನಿಂದ ಹತ್ತು ದಿನಕ್ಕೆ ಜಾರಿಗೆ ಬರುತ್ತದೆ, ಅಷ್ಟರೊಳಗೆ ಮನಸ್ಸು ಬದಲಾದರೆ ವಾಪಸು ತೆಗೆದುಕೊಳ್ಳಬಹುದು, ಒಂದು ಸಾಲು ಬರೆದುಕೊಟ್ಟರೆ ಸಾಕು, ಯಾರನ್ನೂ ಕೇಳಬೇಕಾಗಿಲ್ಲ ಎಂದು ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ಹೇಳಿದರು. "ಹತ್ತು ದಿನ, ನೆನಪಿರಲಿ," ಎಂದರು ಕೊನೆಗೆ. ಹಾಗೆನ್ನುವಾಗ ಅವರು ನೋಡಿದ್ದು ಚಾಮಯ್ಯನನ್ನು.

ಹೊರಗೆ ಬಂದ ಮೇಲೆ ಹೋಟೆಲಿಗೆ ಕರೆದ. ಹಸಿವಿಲ್ಲ ಎಂದಳು. ತಾನೊಬ್ಬನೇ ಹೇಗೆ ಉಣ್ಣುವುದೆಂದು ಅವನೂ ಉಣ್ಣಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಅವಳು ನಿದ್ದೆಹೋದಳು. ತಲೆ ಕಿಟಕಿಯ ಸರಳಿಗೆ ತಾಗಿ ತಾಗಿ ಏಳುತ್ತಿತ್ತು. ಟವೆಲು ಮಡಿಸಿ ಅಲ್ಲಿಡಬೇಕೆನ್ನಿಸಿತು ಅವನಿಗೆ, ಆದರೆ ಇಡಲಿಲ್ಲ.

ಮೊದಲ ಮೂರು ದಿನ ಅವನಿಗೆ ಒಂದು ಬಗೆಯ ನಿರಾಳವೇ ಇತ್ತು. ಕೊಟ್ಟ ಮಾತು ನಡೆಸಿದ್ದೆ, ಆಯಿತು. ಕಂಠಪ್ಪನವರು ದಾರಿಯಲ್ಲಿ ಸಿಕ್ಕಿ, "ನಿನ್ನಂಥೋನು ಇರೋದ್ರಿಂದ್ಲೇ ಕಣಯ್ಯ ಊರು ಊರಾಗಿರೋದು," ಎಂದು ಬೆನ್ನು ತಟ್ಟಿದರು. ಅವರು ತನ್ನನ್ನು ಮುಟ್ಟಿದ್ದು ಅದೇ ಮೊದಲಿರಬೇಕು. ಕೈಯ ಬಿಸುಪು ಅಂಗಿಯ ಮೇಲೆ ಎಷ್ಟೋ ಹೊತ್ತು ಉಳಿದ ಹಾಗಿತ್ತು, ಅದನ್ನು ಒರೆಸಿಕೊಳ್ಳಬೇಕೋ ಉಳಿಸಿಕೊಳ್ಳಬೇಕೋ ಗೊತ್ತಾಗಲಿಲ್ಲ. ನಾಲ್ಕನೆಯ ದಿನ ಅವ್ವ ಸಾಕಮ್ಮನನ್ನು ನೋಡಲು ತಮ್ಮನ ಮನೆಗೆ ಹೋದ. ಅವ್ವ ಎದ್ದು ಓಡಾಡುವುದನ್ನು ಬಿಟ್ಟು ವರ್ಷವಾಗಿತ್ತು, ಕೆಂಪಾಜಮ್ಮನೇ ನೋಡಿಕೊಳ್ಳುತ್ತಿದ್ದಳು. ಅಧ್ಯಕ್ಷೆಯಾಗಿದ್ದಾಗಲೂ ಅವ್ವನ ಮೈ ಒರೆಸಿಯೇ ಆಫೀಸಿಗೆ ಹೋಗುತ್ತಿದ್ದಳು. ಸಾಹೇಬರ ಮುಂದೆ ತಾನು ಹೇಳಿದ ನೆಪ ಚಾಮಯ್ಯನಿಗೆ ಬಾಗಿಲಲ್ಲೇ ಎದುರಾಯಿತು. ಅವ್ವ ಅವನ ಕೈ ಹಿಡಿದು, "ಅವ್ಳು ಸರ್ಯಾಗಿ ಉಣ್ತಾ ಇಲ್ಲ ಕಣ್ಲಾ. ಏನಾಯ್ತು ಅಂದ್ರೆ ಏನಿಲ್ಲ ಅತ್ತೆ ಅಂತಾಳೆ. ನೀನಾರ ಕೇಳ್ಲಾ," ಎಂದಳು. ಕೆಂಪಾಜಮ್ಮ ಕಾಫಿ ತಂದುಕೊಟ್ಟಳು. ಕಾಫಿಯ ಲೋಟ ತೆಗೆದುಕೊಳ್ಳುವಾಗ, ಇನ್ನೂ ಆರು ದಿನ ಇದೆ, ಎಂದು ಹೇಳಲು ಅವನ ಬಾಯಿ ಸಿದ್ಧವಾಗಿತ್ತು. "ಸಕ್ಕರೆ ಜಾಸ್ತಿ ಆಯ್ತು," ಎಂದ.

ಸಂಘಮಿತ್ರ ಅವನೊಡನೆ ಮಾತು ಬಿಟ್ಟಿದ್ದಳು. ಏಳನೆಯ ದಿನ ಬೋರ್‌ವೆಲ್ಲಿನ ಹತ್ತಿರ ಅವಳಾಗಿಯೇ ಎದುರು ಬಂದು ನಿಂತಳು.

"ದೊಡ್ಡಪ್ಪ, ನಾನು ಅವ್ವಂಗೆ ಯೋಳ್ದೆ, ನಾನೇ ಕರ್ಕಂಡು ಓಗ್ತೀನಿ ನಡಿ ಅಂತ. ಅವ್ವ ಬರಕ್ಕಿಲ್ಲ ಅಂತದೆ."

"ಯಾಕಂತೆ?"

"ನಿಮ್ನೇ ಕೇಳ್ಬೇಕು ಅಂತದೆ."

"ನನ್ನೇನ್ ಕೇಳಾದವ್ವ," ಎಂದ ಚಾಮಯ್ಯ. "ನಾನ್ ಕೊಟ್ಟಿರೋ ಮಾತು ಐತಲ್ಲ."

"ಅವ್ವನ ಮಾತ ನೀವೆಂಗ್ ಕೊಟ್ರಿ ದೊಡ್ಡಪ್ಪ?" ಎಂದಳು ಹುಡುಗಿ. ದನಿ ಎತ್ತರಿಸಲಿಲ್ಲ. ಅವಳ ಕಣ್ಣು ತುಂಬಿದ್ದನ್ನು ಕಂಡು ಅವನು ಬಿಂದಿಗೆ ಎತ್ತಿಕೊಂಡ. ಅದು ಇನ್ನೂ ಅರ್ಧ ತುಂಬಿತ್ತು. ಆ ಅರ್ಧ ಬಿಂದಿಗೆಯ ನೀರು ಮನೆಯವರೆಗೂ ಕುಲುಕುತ್ತ ಹೆಗಲ ಮೇಲೆ ಚೆಲ್ಲಿತು.

ಅವತ್ತಿನಿಂದ ಅವನಿಗೆ ಎಲ್ಲ ಕಡೆಯೂ ಹಳೆಯ ತೀರ್ಪುಗಳು ಎದುರಾಗತೊಡಗಿದವು. ಗಂಡ ಹೊಡೆಯುತ್ತಾನೆಂದು ತೌರಿಗೆ ಬಂದ ಹೆಣ್ಣನ್ನು ಕಟ್ಟೆಯಲ್ಲಿ ನಿಲ್ಲಿಸಿ ವಾಪಸು ಕಳಿಸಿದ್ದು. ಕಳಿಸು ಎಂದವರಲ್ಲಿ ತಾನೂ ಒಬ್ಬ. ಅವಳು ಕೆ.ಆರ್. ನಗರದ ಕಡೆ ಎಲ್ಲೋ ಇದ್ದಾಳೆ, ಬದುಕಿದ್ದಾಳೆ ಎಂದು ಕೇಳಿದ್ದ. ಕೋಮು ಬಿಟ್ಟು ಮದುವೆಯಾದವನ ಮನೆಗೆ ಒಂದು ವರ್ಷ ಯಾರೂ ಬೆಂಕಿ ಕೊಡಬಾರದು ಎಂದದ್ದು. ಆ ವರ್ಷ ಆ ಮನೆಯ ಮುಂದೆ ಹಾದುಹೋಗುವಾಗ ಕೂಸೊಂದು ಅಳುವುದು ಕೇಳಿಸಿತ್ತು, ಅವನು ಹೆಜ್ಜೆ ಬೇಗ ಬೇಗ ಹಾಕಿದ್ದ. ಆಗೆಲ್ಲ ಐವರ ಮಾತು, ತನ್ನೊಬ್ಬನದಲ್ಲ ಎಂದು ಸಮಾಧಾನವಿತ್ತು. ಐವರು ಸೇರಿ ಆಡಿದ ಮಾತಿಗೆ ಯಾರೊಬ್ಬರೂ ಹೊಣೆಯಾಗಬೇಕಿರಲಿಲ್ಲ. ಹುಣಸೂರಿನ ಆ ಕೋಣೆಯಲ್ಲಿ ಮಾತ್ರ ಅವನು ಒಬ್ಬನೇ ಇದ್ದ.

ಹತ್ತನೆಯ ದಿನ ಗುರುವಾರ. ಬೆಳಗ್ಗೆ ಎದ್ದಾಗಲೇ ಗಟ್ಟಿ ಮಾಡಿಕೊಂಡ: ಇವತ್ತು ಹೇಳಬೇಕು. ಆದರೆ ಕೊಟ್ಟ ಮಾತನ್ನು ಕೊಟ್ಟಲ್ಲಿಯೇ ಬಿಡಿಸಿಕೊಳ್ಳಬೇಕು, ಬೆನ್ನ ಹಿಂದೆ ಮಾಡಬಾರದು ಎನ್ನಿಸಿತು. ಯಜಮಾನನಾದವನು ಹಾಗೆ ಮಾಡಬಾರದು. ಹತ್ತು ಗಂಟೆಯ ಬಸ್ಸಿಗೆ ಕೆಂಪಾಜಮ್ಮನನ್ನು ಹತ್ತಿಸಿದರೆ ಸಾಕಾಗಿತ್ತು. ಅವನು ಒಂಬತ್ತಕ್ಕೆ ಕಂಠಪ್ಪನವರ ಮನೆಗೆ ಹೋದ.

ಅವರು ಪೂಜೆಯಲ್ಲಿದ್ದರು. ಅವರ ಹೆಂಡತಿ ಸುಂದ್ರಮ್ಮ ಹೊರಗೆ ಬಂದು, "ಕುಂತ್ಕೊ ಚಾಮಯ್ಯ, ಬತ್ತಾರೆ," ಎಂದು ಜಗಲಿಯ ಮೇಲೆ ಕಾಗದದ ಲೋಟದಲ್ಲಿ ಟೀ ಇಟ್ಟುಹೋದರು. ಲಿಂಗಪೂಜೆಯ ಗಂಟೆ ಒಳಗಿನಿಂದ ಕೇಳಿಸುತ್ತಿತ್ತು. ಪೂಜೆಯಲ್ಲಿದ್ದವರನ್ನು ಕರೆಯುವುದು ಹೇಗೆ? ಹತ್ತು ಗಂಟೆಯ ಬಸ್ಸು ಹಾರ್ನ್ ಹಾಕಿ ಹೋದದ್ದು ಅಲ್ಲಿಯೇ ಕೂತು ಕೇಳಿದ. ಹನ್ನೊಂದೂವರೆಗೆ ಇನ್ನೊಂದಿದೆ ಎಂದುಕೊಂಡ. ಕಂಠಪ್ಪ ವಿಭೂತಿ ಹಚ್ಚಿಕೊಂಡು ಬಂದು ಎದುರು ಕೂತಾಗ ಹತ್ತೂ ಕಾಲಾಗಿತ್ತು. ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ತಲೆಕೆಳಗಾಗಿ ಬಂತು.

"ಬುದ್ಧೀ, ಅದು… ನಮ್ ಕೆಂಪಾಜಿ ಇನ್ನೊಂದಾರು ತಿಂಗ್ಳು ಇರ್ಲಿ ಅಂತ. ಸ್ಮಶಾಣದ್ದೊಂದು ಮುಗುದ್ಬುಡ್ಲಿ. ಆಮ್ಯಾಕೆ ನಾನೇ ಬುಡುಸ್ತೀನಿ."

ಕಂಠಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗುತ್ತಾರೆಂದು ಅವನು ಸಿದ್ಧನಾಗಿ ಬಂದಿದ್ದ. ಅವರು ನಿಟ್ಟುಸಿರು ಬಿಟ್ಟು, "ಚಾಮಯ್ಯ, ನಿಮ್ಮಪ್ಪನ ಕಂಡೋನು ನಾನು. ಒಂದ್ ದಿನ ಆಡಿದ್ ಮಾತ ತಪ್ಪುದ್ ಮನ್ಸ ಅಲ್ಲ. ನೀನು ಅವನ ಮಗ," ಎಂದರು. ಆಮೇಲೆ ಅವನ ಅಪ್ಪನ ಬಗ್ಗೆ, ಬರಗಾಲದ ವರ್ಷದ ಬಗ್ಗೆ, ಹಳೇ ಊರು ಮುಳುಗಿದ ದಿನ ಎಲ್ಲರೂ ಒಂದೇ ಗಾಡಿಯಲ್ಲಿ ಸಾಮಾನು ಹೇರಿಕೊಂಡು ಬಂದದ್ದರ ಬಗ್ಗೆ ಮಾತಾಡಿದರು. ಅವರ ದನಿಯಲ್ಲಿ ಮೋಸವಿರಲಿಲ್ಲ. ನಿಜವಾಗಿಯೂ ಅವರಿಗೆ ಆ ದಿನಗಳ ಮೇಲೆ ಪ್ರೀತಿಯಿತ್ತು. ಸ್ಮಶಾನಕ್ಕೆ ಬೇರೆ ಜಾಗ ನೋಡೋಣ, ವಿರೂಪಾಕ್ಷ ಶುಂಠಿಗೆ ಬಹಳ ಹಾಕಿದ್ದಾನೆ, ಬೆಳೆ ತೆಗೆಯಲಿ, ಮಾತಾಡೋಣ ಎಂದರು. ಇದರಲ್ಲಿ ಎಲ್ಲಿ ಎದ್ದು ನಿಲ್ಲುವುದು, ಯಾವ ಮಾತಿನ ನಡುವೆ ತನ್ನ ಮಾತನ್ನು ಇಡುವುದು ಚಾಮಯ್ಯನಿಗೆ ಗೊತ್ತಾಗಲಿಲ್ಲ. ತಲೆಯಾಡಿಸುತ್ತ ಕೂತ. ಹನ್ನೊಂದೂವರೆಯ ಬಸ್ಸೂ ಹೋಯಿತು. ಎದ್ದು ಬರುವಾಗ ಸುಂದ್ರಮ್ಮ ಒಂದು ಪಡಿ ಅವರೆಕಾಳು ಕೊಟ್ಟರು, "ನಿಮ್ಮವ್ವಂಗೆ ಬೇಯ್ಸಾಕು," ಎಂದರು. ಅದನ್ನೂ ಟವೆಲಿನಲ್ಲಿ ಕಟ್ಟಿಕೊಂಡ.

ಕೇರಿಗೆ ಬಂದರೂ ನೇರವಾಗಿ ತಮ್ಮನ ಮನೆಗೆ ಹೋಗಲಿಲ್ಲ. ಎರಡು ಗಂಟೆಯ ಬಸ್ಸಿಗೆ ಹೊರಟರೆ ಐದಕ್ಕೆ ಹುಣಸೂರು, ಆಫೀಸು ಇನ್ನೂ ತೆರೆದಿರುತ್ತದೆ ಎಂದು ಲೆಕ್ಕ ಹಾಕಿಕೊಂಡು ತನ್ನ ಮನೆಯ ಜಗಲಿಯ ಮೇಲೆ ಕೂತ. ಬಿಸಿಲು ಅಂಗಳದಿಂದ ಜಗಲಿಗೆ ಏರಿತು. ಏಳಬೇಕು, ಈಗ ಏಳಬೇಕು ಎಂದುಕೊಳ್ಳುತ್ತಿದ್ದವನು ನಿಜವಾಗಿ ಎದ್ದು ತಮ್ಮನ ಮನೆಯ ಬಾಗಿಲಿಗೆ ಹೋದಾಗ ಎರಡೂವರೆ. ಬಸ್ಸು ಹೋದ ಮೇಲೆ ತನ್ನ ಕಾಲಿಗೆ ಬಲ ಬಂತೆಂಬುದು ಅವನಿಗೆ ಗೊತ್ತಾಗದೆ ಇರಲಿಲ್ಲ.

ಕೆಂಪಾಜಮ್ಮ ಹಿತ್ತಲ ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದಳು. ನೀಲಿ ಸೀರೆ ಉಟ್ಟಿದ್ದಳು. ಪಕ್ಕದಲ್ಲಿ ಗೋಡೆಗೆ ಒರಗಿಸಿಟ್ಟ ಬ್ಯಾಗು, ಅದರ ಬಾಯಲ್ಲಿ ತುಂಬಿದ ನೀರಿನ ಬಾಟಲಿ. ಅವನು ನೋಡಿದ. ಅವಳು ಅವನು ನೋಡಿದ್ದನ್ನು ನೋಡಿದಳು.

"ಇವತ್ತಿಗೆ ಹತ್ತು ದಿನ ಕಣವ್ವ," ಎಂದ.

"ಗೊತ್ತು ಭಾವ."

"ನೀನು… ಓಗಬೋದಿತ್ತು."

ಅವಳು ಮೊರವನ್ನು ಕೆಳಗಿಟ್ಟಳು. "ಓಗಬೋದಿತ್ತು. ದಾರಿ ಗೊತ್ತಿತ್ತು. ಬರ್ಯಕ್ಕೂ ಬತ್ತಿತ್ತು, ಮೊನ್ನೆನೇ ಬರ್ದಿಟ್ಟಿದ್ದೆ. ಆದ್ರೆ ಅಲ್ಲಿ ಅಷ್ಟು ಜನದ್ ಮುಂದೆ ನೀವು ನನ್ ಇಷ್ಟ ಅಂದ್ರಿ. ನಾನು ಒಬ್ಳೇ ಓಗಿ ಅಲ್ಲ ಅಂದ್ರೆ ನಿಮ್ಮನ್ನ ಸುಳ್ಳುಗಾರ್ರು ಮಾಡ್ದಂಗಾಯ್ತದೆ ಅಂತ ಸುಮ್ಕಾದೆ. ಬೆಳಿಗ್ಗೆ ನೀವು ಅವ್ರ ಮನೆ ಕಡೀಕೆ ಓದ್ರಿ ಅಂದ್ರು. ಕೇಳ್ಕಂಡು ಬತ್ತೀರಿ, ಕರ್ಕಂಡು ಓಗ್ತೀರಿ ಅಂತ ಸೀರೆ ಉಟ್ಕಂಡೆ." ಮೊರ ಪಕ್ಕಕ್ಕೆ ಸರಿಸಿ ಎದ್ದು, "ಊಟ ಮಾಡುದ್ರಾ?" ಎಂದಳು.

ಅವನು ಟವೆಲಿನ ಗಂಟು ಬಿಚ್ಚಿ ಅವರೆಕಾಳನ್ನು ಅಲ್ಲಿಟ್ಟ. ಎಲ್ಲಿಂದ ಎಂದು ಅವಳು ಕೇಳಲಿಲ್ಲ. ಒಳಗೆ ಹೋಗಿ ತಟ್ಟೆ ಹಾಕಿದಳು. ಮುದ್ದೆ, ಸೊಪ್ಪಿನ ಸಾರು. ಮುದ್ದೆ ಮುರಿದು ಬಾಯಿಗಿಟ್ಟುಕೊಂಡ. ಬಿಳಿ ಮೀಸೆಯ, ಅರವತ್ತರ ಹತ್ತಿರದ ಗಂಡಸು, ಬಾಯಲ್ಲಿ ತುತ್ತು ಇಟ್ಟುಕೊಂಡು ಅಳುವುದನ್ನು ಅವಳು ನೋಡಬಾರದೆಂದೋ ಏನೋ, ಸೌಟು ತರುವ ನೆಪದಲ್ಲಿ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಭಾಗ್ಯಮ್ಮ ಅಧ್ಯಕ್ಷೆಯಾದಳು. ಸರ್ವೆಯವರು ಹನ್ನೆರಡನೇ ತಾರೀಖು ಬರಲಿಲ್ಲ, ಮತ್ತೂ ಬರಲಿಲ್ಲ. ಕಟ್ಟೆಯಿಂದ ಎರಡು ಸಲ ಹೇಳಿಕಳಿಸಿದರು. ಮೈಗೆ ಹುಷಾರಿಲ್ಲವೆಂದು ಚಾಮಯ್ಯ ಹೋಗಲಿಲ್ಲ. ಮೂರನೆಯ ಸಲ ಹೇಳಿಕಳಿಸಲಿಲ್ಲ. ಕೇರಿಗೆ ಬೇರೆ ಯಜಮಾನನನ್ನು ಮಾಡಿದರೆಂದು ಯಾರೋ ಹೇಳಿದರು. ಕೆಂಪಾಜಮ್ಮ ಬೀಚನಹಳ್ಳಿಯ ಕಡೆ ಒಂದು ರೆಸಾರ್ಟಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು.

ಆಷಾಢದ ಕೊನೆಯಲ್ಲಿ, ವಯನಾಡಿನ ಕಡೆ ಮಳೆ ಹಿಡಿದು ಕಬಿನಿ ತುಂಬಿ ನಿಂತಿದ್ದ ದಿನಗಳಲ್ಲಿ, ಸಾಕಮ್ಮ ತೀರಿಕೊಂಡಳು. ಹಿನ್ನೀರು ಕೇರಿಯ ಕೆಳಗಿನ ಹೊಲದವರೆಗೂ ಬಂದಿತ್ತು. ಎಲ್ಲಿ ಅಗೆಯುವುದೆಂದು ಯಾರಿಗೂ ತೋಚಲಿಲ್ಲ. ಯಾರೋ ಗೋಮಾಳದ ಮಾತು ತೆಗೆದರು. ಯಾರೋ ಸುಮ್ಮನಿರು ಎಂದರು. ಕೊನೆಗೆ ನೀರಿನಂಚಿಗಿಂತ ಹತ್ತು ಹೆಜ್ಜೆ ಮೇಲೆ, ದಿಣ್ಣೆಯಂಥ ಒಂದು ಕಡೆ ಗುಂಡಿ ತೋಡಿದರು. ಮೂರಡಿ ಇಳಿಯುವುದರೊಳಗೆ ನೀರು ಜಿನುಗತೊಡಗಿತು. ಚಾಮಯ್ಯ ಪಂಚೆ ಎತ್ತಿಕಟ್ಟಿ ಇಳಿದ. ಬಕೆಟಿನಲ್ಲಿ ಮೊಗೆಮೊಗೆದು ಹೊರಗೆ ಚೆಲ್ಲಿದ. ಚೆಲ್ಲಿದಷ್ಟೂ ಬರುತ್ತಿತ್ತು. ಮೇಲಿಂದ "ಸಾಕು ಬುಡಿ, ಬನ್ನಿ ಮ್ಯಾಕೆ," ಎಂದರು. ಅವನು ಕೇಳಲಿಲ್ಲ. ಮಳೆ ಸಣ್ಣಗೆ ಹನಿಯುತ್ತಿತ್ತು. ಅವ್ವನನ್ನು ಚಾಪೆಯಲ್ಲಿ ಸುತ್ತಿ ಬಿದಿರ ಚಟ್ಟದ ಮೇಲೆ ಮಲಗಿಸಿದ್ದರು. ಯಾರೋ ಅವಳ ಮುಖದ ಮೇಲೆ ಕೊಡೆ ಹಿಡಿದಿದ್ದರು. ಕೆಂಪಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಂಗಸರ ಗುಂಪಿನಿಂದ ಎದ್ದು ಬಂದು, ಇನ್ನೊಂದು ಬಕೆಟು ಹಿಡಿದು ಗುಂಡಿಗೆ ಇಳಿದಳು. ಇಬ್ಬರೂ ಎದುರುಬದುರು ನಿಂತು ಮೊಗೆದರು. ನೀರು ಮೊಣಕಾಲಿಗಿಂತ ಕೆಳಗೆ ಇಳಿಯಲಿಲ್ಲ. ಅವಳ ಮುಖದ ಮೇಲೆ ಕೆಸರು ಸಿಡಿದಿತ್ತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಚಾಮಯ್ಯ ಬಕೆಟು ಬಿಟ್ಟು ನೆಟ್ಟಗೆ ನಿಂತು, ಅವಳ ಮುಖವನ್ನೇ ನೋಡಿ ಕೇಳಿದ.

"ಏನ್ ಮಾಡಾನ ಕೆಂಪಾಜಿ? ನೀನ್ ಯೋಳು."

ಅವಳು ಮೊಗೆಯುವುದನ್ನು ನಿಲ್ಲಿಸಿದಳು. ಮೇಲೆ ಮಲಗಿದ್ದ ಅತ್ತೆಯ ಕಡೆ ಒಂದು ಸಲ, ಗುಂಡಿಯ ಗೋಡೆಯಿಂದ ಇಳಿಯುತ್ತಿದ್ದ ನೀರಿನ ಕಡೆ ಒಂದು ಸಲ ನೋಡಿದಳು.

"ಇದೊಂದಾದ್ರೂ ಕೇಳುದ್ರಲ್ಲ ಭಾವ," ಎಂದಳು ಮೆಲ್ಲಗೆ. ಆಮೇಲೆ ಮುಂಗೈಯಿಂದ ಮುಖ ಒರೆಸಿಕೊಂಡು, "ನೀರು ನಿಲ್ಲಕ್ಕಿಲ್ಲ. ಲಕ್ಕಿಸೊಪ್ಪು ದಪ್ಪಕೆ ಆಸಿ, ಅತ್ತೇನ ಅದ್ರ ಮ್ಯಾಲೆ ಮಲ್ಗುಸಾನ," ಎಂದಳು.

ಅವನು ಗುಂಡಿಯಿಂದ ಮೇಲೆ ಹತ್ತಿ ಸೊಪ್ಪು ಮುರಿಯಲು ಹೋದ.